ಬಿಳಿ ಕಾರಿನ ಹಿಂದಿನ ಬಾಗಿಲು

ಸಿಂದಗಿಯಲ್ಲಿ ಕಾರಿನ ಒಂದು ಬಾಗಿಲಿಗೆ ಸಾದಾ ಬಿಳಿ ಹೊಡೆಸಿದರೆ ಮೂರು ಸಾವಿರ ರೂಪಾಯಿ. ಮುತ್ತಿನ ಹಾಗೆ ಮಿನುಗುವ ಪರ್ಲ್ ವೈಟ್ ಆದರೆ ಐದು ಸಾವಿರ, ಯಾಕೆಂದರೆ ಅದನ್ನು ಮೂರು ಪದರಾಗಿ ಹೊಡೆಯಬೇಕು. ಕಂಪ್ಯೂಟರಿನಲ್ಲಿ ಅದೇ ಬಾಗಿಲಿಗೆ ಬಣ್ಣ ಹಚ್ಚಲು ದುಡ್ಡು ಬೇಕಿಲ್ಲ. ಬ್ಲೆಂಡರ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಕರೆಂಟ್ ಇದ್ದರೆ ಸಾಕು. ದಿವಸಗಳು ಮಾತ್ರ ಹೋಗುತ್ತವೆ.

ಬಸವನ ಬಾಗೇವಾಡಿಯ ಕಲ್ಮೇಶನಿಗೆ ಹನ್ನೊಂದು ದಿವಸ ಹೋಗಿದ್ದವು. ಕಾರುಗಳ ಜಾಹೀರಾತಿಗೆ ಚಿತ್ರ ಮಾಡುವ ಪುಣೆಯ ಕಂಪನಿಯೊಂದು ಪರೀಕ್ಷೆಗೆಂದು ಅವನಿಗೆ ಒಂದು ಬಿಳಿ ಕಾರು ಮಾಡಲು ಹೇಳಿತ್ತು. ಪಾಸಾದರೆ ಮನೆಯಲ್ಲೇ ಕೂತು ವರ್ಷವಿಡೀ ಮಾಡುವಷ್ಟು ಕೆಲಸ. ಹನ್ನೆರಡನೇ ದಿನ ಉತ್ತರ ಬಂತು. ಕಾರು ಚೆನ್ನಾಗಿದೆ, ಬಣ್ಣ ಪ್ಲಾಸ್ಟಿಕ್ ಬಕೆಟ್ಟಿನ ಹಾಗಿದೆ, ಇನ್ನೊಂದು ತಿಂಗಳು ಕೊಡುತ್ತೇವೆ, ಸರಿ ಮಾಡಿ.

ನಿಜವಾದ ಬಣ್ಣ ಹೇಗಿರುತ್ತದೆಂದು ನೋಡಲು ಅವನು ಹಿಪ್ಪರಗಿಯಲ್ಲಿ ಬಸ್ ಬದಲಿಸಿ ಸಿಂದಗಿಗೆ ಬಂದ. ಇಂಡಿ ರಸ್ತೆಯಲ್ಲಿ ರಾಚಪ್ಪನವರು ಕಾರಿನ ಬಣ್ಣದ ಅಂಗಡಿ ಇಟ್ಟಿದ್ದರು. ದುಡ್ಡಿನ ಗಲ್ಲೆಯ ಮೇಲೆ ಅವರು ಪೇಪರ್ ಹಿಡಿದು ಕೂಡುತ್ತಿದ್ದರು, ಬಣ್ಣ ಕಲೆಸುವುದು ಮಗಳು ವಿದ್ಯಾವತಿ. ಕಲ್ಮೇಶ ಅವಳ ಮುಂದೆ ನಿಂತು ಐವತ್ತು ಗ್ರಾಂ ಪರ್ಲ್ ವೈಟ್ ಬೇಕೆಂದ. ಯಾವ ಗಾಡಿಗೆ ಎಂದು ಅವಳು ಕೇಳಿದಳು. ಗಾಡಿ ಇಲ್ಲ ಎಂದ. ಅವಳು ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ಯಾರ ಗಾಡಿಗೆ ತಿಕ್ಕಿ ಬಂದೀರಿ? ಖರೇ ಹೇಳ್ರಿ. ಅವರಿಗೆ ಗೊತ್ತಾಗೂದರಾಗ ಮುಚ್ಚಬೇಕಂತೀರೇನು?"

"ಇಲ್ರೀ. ಗಾಡಿ ಕಂಪ್ಯೂಟರಿನಾಗ ಐತ್ರಿ."

"ಹೌದಾ. ಎಷ್ಟು ಕೊಡ್ತೈತಿ ಲೀಟರಿಗೆ?"

ಪೇಪರಿನ ಹಿಂದೆ ರಾಚಪ್ಪನವರು ಕೆಮ್ಮಿದರು. ಕಲ್ಮೇಶ ಫೋನಿನಲ್ಲಿ ತನ್ನ ಕಾರನ್ನು ತೋರಿಸಿದ. ವಿದ್ಯಾವತಿ ನಗು ನಿಲ್ಲಿಸಿ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಇದರ ಬಿಳಿಯಲ್ಲಿ ಕಪ್ಪು ಎಲ್ಲಿ ಎಂದು ಕೇಳಿದಳು. ಬಿಳಿಯಲ್ಲಿ ಕಪ್ಪು ಯಾಕೆ ಎಂದು ಅವನು ಕೇಳಿದ್ದಕ್ಕೆ, ತೂಕದ ಯಂತ್ರದ ಮೇಲೆ ಡಬ್ಬಿ ಇಟ್ಟು, ಬಿಳಿ ಸುರಿದು, ಎರಡು ಹನಿ ಕಪ್ಪು, ಅರೆ ಹನಿ ಹಳದಿ ಬಿಟ್ಟು ತೋರಿಸಿದಳು. ಹನಿ ಬೀಳುವಾಗ ಅವಳು ಮಾತಾಡುವುದಿಲ್ಲ, ಉಸಿರನ್ನೂ ಹಿಡಿಯುತ್ತಾಳೆ. ಅವನೂ ತನಗೆ ಗೊತ್ತಿಲ್ಲದೆ ಉಸಿರು ಹಿಡಿದ.

ಪಕ್ಕದ ಶೆಡ್ಡಿನ ಪೇಂಟರ್ ಅಮೀರನಿಂದ ಅವಳು ಮೂರು ತಗಡಿನ ತುಂಡುಗಳಿಗೆ ಬಣ್ಣ ಹೊಡೆಸಿದಳು. ಒಂದರ ಮೇಲೆ ಬರೀ ಬಿಳಿ. ಇನ್ನೊಂದರ ಮೇಲೆ ಬಿಳಿ, ಅದರ ಮೇಲೆ ಪರ್ಲ್. ಮೂರನೆಯದಕ್ಕೆ ಇವೆರಡರ ಮೇಲೆ ಕ್ಲಿಯರ್, ಅಂದರೆ ಗಾಜಿನಂಥ ಕೊನೆಯ ಪದರು. ಒಣಗಿದ ಮೇಲೆ ಅವನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಿದಳು. ಮೂರನೆಯ ತಗಡಿನಿಂದ ಬೆಳಕು ಜಾರಿ ಅವಳ ಗದ್ದಕ್ಕೆ ಬಂತು, ಅಲ್ಲಿಂದ ಮೂಗಿನ ನತ್ತಿಗೆ ಹೋಯಿತು. ತಗಡು ನೋಡಿರಿ ಎಂದು ಅವಳು ಎರಡು ಸಲ ಹೇಳಬೇಕಾಯಿತು.

ತಿಂಗಳಲ್ಲಿ ಅವನು ನಾಲ್ಕು ಸಲ ಬಂದ. ಪದರುಗಳು ಸರಿಹೋದವು. ಕ್ಲಿಯರಿನ ಮೇಲ್ಮೈ ಕನ್ನಡಿಯ ಹಾಗೆ ಸಪಾಟಾಗಿರುವುದಿಲ್ಲ, ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣಗೆ ಏರಿಳಿದಿರುತ್ತದೆ ಎಂಬುದನ್ನೂ ಅವಳೇ ಬೆರಳಾಡಿಸಿ ತೋರಿಸಿದಳು. ಅವನು ಅದನ್ನೂ ಕಂಪ್ಯೂಟರಿಗೆ ಹಾಕಿದ. ಒಂದು ದಿನ ಅವಳಪ್ಪ ಗಿರಾಕಿಯೊಬ್ಬರ ಮುಂದೆ, ಮಗಳನ್ನು ಕೇಳಿಕೊಂಡು ಬರುವವನಿಗೆ ತಿಂಗಳಾ ತಿಂಗಳಾ ದುಡಿಮೆ ಇರಬೇಕು ನೋಡಿರಿ ಎಂದು ಹೇಳುತ್ತಿದ್ದರು. ಅವರು ಯಾರಿಗೆ ಕೇಳಲೆಂದು ಹೇಳಿದರೋ, ಕಲ್ಮೇಶನಿಗಂತೂ ಕೇಳಿತು. ಪುಣೆಯ ಕೆಲಸ ಸಿಕ್ಕ ಮರುದಿನ ಈ ಅಂಗಡಿಗೆ ಬಂದು ಕೇಳುವುದು, ಸಿಗದಿದ್ದರೆ ಬಾಯಿ ಬಿಡುವುದಿಲ್ಲ ಎಂದು ಅವನು ತೀರ್ಮಾನ ಮಾಡಿಕೊಂಡ.

ನಾಲ್ಕನೇ ಸಲ ಚಿತ್ರ ನೋಡಿ ಅವಳು ಹೇಳಿದಳು: "ಬಣ್ಣ ಬರೋಬರಿ ಐತಿ. ಆದ್ರ ಇದರ ಮ್ಯಾಲ ಬಿದ್ದ ಆಕಾಶ ಯಾವ ಊರಿಂದು? ನಮ್ಮ ಕಡೆ ಬಿಸಿಲು ಇಷ್ಟು ಮೆತ್ತಗ ಇರೂದಿಲ್ರಿ."

ಅದು ನಿಜ. ಕಾರಿನ ಮೇಲೆ ಬೀಳುವ ಸುತ್ತಲಿನ ನೆರಳು-ಬೆಳಕನ್ನು ಅವನು ಇಂಟರ್‌ನೆಟ್ಟಿನಿಂದ ತೆಗೆದುಕೊಂಡಿದ್ದ, ಯಾವುದೋ ದೇಶದ ಬೀದಿ. ಇಲ್ಲಿಯದನ್ನು ಹಿಡಿಯಲು, ಸುತ್ತಲಿನದೆಲ್ಲ ಪ್ರತಿಬಿಂಬವಾಗಿ ಬೀಳುವಂಥ ಹೊಳೆಯುವ ಗುಂಡು ಬೇಕಿತ್ತು. ವಿದ್ಯಾವತಿ ಮನೆಯಿಂದ ಸ್ಟೀಲಿನ ತಂಬಿಗಿ ತಂದು ಸ್ಟೂಲಿನ ಮೇಲೆ ಬೋರಲು ಹಾಕಿದಳು. ಅಮೀರ ಅದಕ್ಕೆ ಕಾರಿನ ಪಾಲಿಶ್ ಹಾಕಿ ಉಜ್ಜಿದ. ತಂಬಿಗಿ ಫೋಟೊ ತೆಗೆಯಲು ಬಾಗೇವಾಡಿಯಿಂದ ಬಂದಿದ್ದಾರೆ ಎಂದು ರಸ್ತೆಯವರಿಗೆಲ್ಲ ಅವನೇ ಹೇಳಿ ಜನ ಸೇರಿಸಿದ. ಬೆಳಕಿನ ಅಳತೆ ಸಿಗಲು ಒಂದೇ ಫೋಟೊವನ್ನು ಕತ್ತಲೆಯಿಂದ ಬೆಳಕಿನವರೆಗೆ ಎಂಟು ಸಲ ತೆಗೆಯಬೇಕು, ಅಷ್ಟು ಹೊತ್ತು ಯಾರೂ ಅಳ್ಳಾಡಬಾರದು ಎಂದು ಕಲ್ಮೇಶ ಹೇಳಿದ. ಯಾರೂ ಅಳ್ಳಾಡಲಿಲ್ಲ. ಊರಿಗೆ ಹೋಗಿ ಆ ಎಂಟನ್ನೂ ಕೂಡಿಸಿ, ತಂಬಿಗಿಯಲ್ಲಿ ಬಿದ್ದಿದ್ದ ತನ್ನ ಪ್ರತಿಬಿಂಬ ಅಳಿಸಿ, ಕಾರಿನ ಸುತ್ತ ಹಾಕಿ, ಪುಣೆಗೆ ಕಳಿಸಿದ.

ಗುರುವಾರ ಹನ್ನೊಂದಕ್ಕೆ ಉತ್ತರ ಬಂತು. ಬಣ್ಣ ನಮಗೆ ಒಪ್ಪಿಗೆ. ಹಿಂದಿನ ಬಾಗಿಲ ಮೇಲೆ ಒಬ್ಬ ಹೆಂಗಸು ನಿಂತಿದ್ದಾಳೆ, ಅವಳನ್ನು ತೆಗೆದು ಇವತ್ತು ಐದರೊಳಗೆ ಕಳಿಸಿ. ಇನ್ನೊಬ್ಬರ ಚಿತ್ರವೂ ತಯಾರಿದೆ, ಐದು ದಾಟಿದರೆ ಅದನ್ನೇ ತೆಗೆದುಕೊಳ್ಳುತ್ತೇವೆ.

ಅವನು ಚಿತ್ರ ದೊಡ್ಡದು ಮಾಡಿ ನೋಡಿದ. ಬಾಗಿಲ ಮೇಲೆ, ಪರ್ಲಿನ ಮಿನುಗಿನ ನಡುವೆ, ವಿದ್ಯಾವತಿಯ ನೀಲಿ ಸೀರೆ. ಅಳಿಸಲು ಹತ್ತು ನಿಮಿಷ, ಚಿತ್ರ ಮತ್ತೆ ತಯಾರಾಗಲು ಮೂರು ತಾಸು. ಸಮಯ ಬೇಕಾದಷ್ಟಿತ್ತು. ಅಳಿಸಲೆಂದೇ ಅವನು ಮೂಲದ ಎಂಟು ಫೋಟೊ ತೆರೆದ. ಮೊದಲನೆಯದು ಪೂರ್ತಿ ಕಪ್ಪು, ಅವಳ ನತ್ತು ಮಾತ್ರ ಒಂದು ಚುಕ್ಕೆ. ಎರಡನೆಯದರಲ್ಲಿ ಕೆನ್ನೆ ಕಂಡಿತು. ನಾಲ್ಕನೆಯದರಲ್ಲಿ ಮುಖ. ಉಳಿದವರೆಲ್ಲ ದೂರದಲ್ಲಿ ಚುಕ್ಕೆಗಳಷ್ಟಾಗಿ ತಂಬಿಗಿ ನೋಡುತ್ತ ನಿಂತಿದ್ದರು. ಅವಳ ಮುಖ ತಂಬಿಗಿಯ ಕಡೆ ಇರಲಿಲ್ಲ, ಕ್ಯಾಮೆರಾ ಹಿಡಿದವನ ಕಡೆ ಇತ್ತು. ಐದರಲ್ಲಿ, ಆರರಲ್ಲಿ, ಏಳರಲ್ಲೂ ಹಾಗೇ. ಎಂಟನೆಯದರಲ್ಲಿ ರಸ್ತೆ ಎಲ್ಲ ಬೆಳ್ಳಗೆ ಸುಟ್ಟುಹೋಗಿತ್ತು. ಆದರೂ ಅವಳು ಅತ್ತ ಇತ್ತ ನೋಡಿರಲಿಲ್ಲ.

ತಿಳಿದವರು ಮೊದಲು ಅಳಿಸಿ, ಕಳಿಸಿ, ಆಮೇಲೆ ಬಸ್ ಹತ್ತುತ್ತಿದ್ದರು. ಅವನು ಮೊದಲು ಬಸ್ ಹತ್ತಿದ.

ಅಂಗಡಿ ಮುಟ್ಟಿದಾಗ ಮೂರು ಗಂಟೆ. ಅವಳು ಹನಿ ಬಿಡುತ್ತಿದ್ದಳು. ಅದು ಮುಗಿಯುವವರೆಗೆ ಅವನು ನಿಂತ. ಆಮೇಲೆ ಫೋನ್ ಅವಳ ಕೈಗೆ ಕೊಟ್ಟು, ಕಂಪನಿಯವರು ಹೀಗೆ ಬರೆದಿದ್ದಾರೆ ಎಂದು ಹೇಳಿದ. ಅವಳು ಒಂದೊಂದೇ ಫೋಟೊ ಸರಿಸಿದಳು.

"ಎಂಟೂ ಫೋಟೊದಾಗ ನನ್ನ ನೋಡಾಕತ್ತೀರಿ," ಎಂದ.

"ಅಳ್ಳಾಡಬ್ಯಾಡ್ರಿ ಅಂದಿದ್ರಿ. ಅಳ್ಳಾಡಿಲ್ಲ."

"ಎಲ್ಲಾರೂ ತಂಬಿಗಿ ನೋಡ್ಯಾರ."

"ತಂಬಿಗಿ ನಮ್ಮ ಮನೀದು. ದಿನಾ ನೋಡ್ತೇನಿ."

ಅವಳು ಹಾಗೆ ಹೇಳಿ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. ಮುಚ್ಚಳ ಸರಿಯಾಗಿ ಕೂತಿತ್ತು, ಆದರೂ ಇನ್ನೊಮ್ಮೆ ಒತ್ತಿದಳು. ಐದರೊಳಗೆ ಕಳಿಸಬೇಕು ಎಂದು ಬರೆದದ್ದು ಅವಳ ಕಣ್ಣಿಗೆ ಆಗ ಬಿತ್ತು. ಎಷ್ಟು ಹೊತ್ತಿನ ಕೆಲಸ ಎಂದು ಕೇಳಿದಳು. ಅವನು ಹೇಳಿದ. ಅವಳು ಗೋಡೆಯ ಗಡಿಯಾರ ನೋಡಿದಳು.

"ಹುಚ್ಚ ಇದ್ದೀರೇನ್ರಿ? ಅಳಿಸಿ ಕಳಿಸಿ ಬರೂದಲ್ಲ?"

"ಅಳಸಾಕ ಆಗ್ಲಿಲ್ರಿ."

"ಕೆಲಸ ಹೋತಲ್ಲ."

"ಹೋತು. ಅದು ಸಿಕ್ಕ ಮ್ಯಾಲ ನಿಮ್ಮಪ್ಪಾರನ್ನ ಕೇಳೂನು ಅಂತಿದ್ದೆ. ಈಗ ಯಾವ ಮಾರಿ ಇಟ್ಕೊಂಡು ಕೇಳಲಿ?"

ಅವಳು ಕೈಗಂಟಿದ ಬಣ್ಣವನ್ನು ಥಿನ್ನರಿನಿಂದ ಒರೆಸಿಕೊಂಡಳು. ಬೆರಳು ಬೆರಳೂ ಒರೆಸಿಕೊಂಡಳು. ಮಾತು ಶುರು ಮಾಡಿದಾಗ ಗಿರಾಕಿಗೆ ದರ ಹೇಳುವ ದನಿಯಲ್ಲೇ ಹೇಳಿದಳು.

"ಗಾಡಿ ಮ್ಯಾಲಿಂದ ನನ್ನ ಅಳಿಸ್ರಿ. ನನ್ನ ಮಾರಿ ಯಾರ್ಯಾರೋ ನೋಡೂದು ಬ್ಯಾಡ. ಈ ಎಂಟು ನೀವು ಇಟ್ಕೋರಿ. ಮತ್ತ ಕೇಳೂದು ಇದ್ರ ಇವತ್ತ ಕೇಳ್ರಿ, ಅಪ್ಪ ಇಲ್ಲೇ ಅದಾನ. ಈ ಬಿಳಿ ಮಾಡೂದು ನಿಮಗ ಬಂತಲ್ಲ, ಅದು ಹೋಗೂದಿಲ್ಲ."

ಪೇಪರ್ ಇಳಿಯಿತು. ರಾಚಪ್ಪನವರು ಎಲ್ಲ ಕೇಳಿಸಿಕೊಂಡಿದ್ದರು, ಆ ಪುಟವನ್ನು ಅವರು ಅರ್ಧ ತಾಸಿನಿಂದ ತಿರುವಿರಲಿಲ್ಲ. ಅವರು ಮಗಳಿಗೆ ಏನೂ ಕೇಳಲಿಲ್ಲ. ಕಲ್ಮೇಶನಿಗೆ ತಂದೆ ಯಾರು, ಮನೆ ಎಲ್ಲಿ, ಈ ಕಂಪ್ಯೂಟರಿನಿಂದ ಈವರೆಗೆ ಎಷ್ಟು ಬಂದಿದೆ ಎಂದು ಕೇಳಿದರು. ಅವನು ಹೆಚ್ಚು ಮಾಡಿ ಹೇಳಲಿಲ್ಲ. ಅದು ಅವರಿಗೆ ಹಿಡಿಸಿತು. ಒಂದು ವರ್ಷ ನೋಡೋಣ, ಅಲ್ಲಿವರೆಗೆ ಹಿರಿಯರು ಮಾತಾಡಿಕೊಂಡಿರಲಿ ಎಂದರು. ವಿದ್ಯಾವತಿ ಆರು ತಿಂಗಳು ಎಂದಳು. ಅವರು ಪೇಪರ್ ಮತ್ತೆ ಎತ್ತಿಕೊಂಡರು.

ಪುಣೆಯ ಕೆಲಸ ಇನ್ನೊಬ್ಬನಿಗೆ ಹೋಯಿತು. ಕಲ್ಮೇಶ ಆ ಬಿಳಿಯನ್ನೇ, ಕಾರಿಲ್ಲದೆ ಬರೀ ಬಣ್ಣವಾಗಿ, ಕಂಪ್ಯೂಟರಿನಲ್ಲಿ ಕಾರು ಮಾಡುವವರು ಕೊಳ್ಳಲೆಂದು ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕಿಟ್ಟ. ಸ್ವಲ್ಪ ಸ್ವಲ್ಪ ಹೋಗುತ್ತದೆ, ನಿಂತಿಲ್ಲ. ವರ್ಷವಿಡೀ ಸಾಕಾಗುವಂಥ ಕೆಲಸ ಅವನಿಗೆ ಇನ್ನೂ ಸಿಕ್ಕಿಲ್ಲ. ವೈಶಾಖದಲ್ಲಿ ಅವನಿಗೂ ವಿದ್ಯಾವತಿಗೂ ಮದುವೆಯಾಯಿತು.