ಬಟ್ಟೆ ಸಮೇತ ಹೋದ ಕರಡಿಗೆ

ತಟ್ಟೆ ಖಾಲಿಯಾಗಿತ್ತು.

ಎಂಟನೇ ಸುತ್ತು ಗೆದ್ದು ನಗುತ್ತ ಹೊರಬಂದ ಸೌಂದರ್ಯಾ ಬಾಗಿಲ ಬಳಿಯ ಮೇಜಿನ ಮುಂದೆ ನಿಂತೇಬಿಟ್ಟಳು. ಆಡುವಾಗ ಮೈಮೇಲೆ ಲೋಹ ಇರಕೂಡದೆಂಬ ನಿಯಮಕ್ಕೆ ತಲೆಬಾಗಿ, ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಮಧ್ಯಾಹ್ನ ಅವಳೇ ಅಲ್ಲಿಟ್ಟು ಹೋಗಿದ್ದಳು. ಅದು ಇರಲಿಲ್ಲ. ಅದರ ಕೆಳಗೆ ಹಾಸಿದ್ದ ಬಿಳಿ ಬಟ್ಟೆಯೂ ಇರಲಿಲ್ಲ.

ಹುಬ್ಬಳ್ಳಿಯ ಆ ಸಭಾಂಗಣದಲ್ಲಿ ಹಲವು ದೇಶಗಳ ಘಟಾನುಘಟಿ ಚೆಸ್ ಆಟಗಾರರು ಸೇರಿದ್ದರು. ಊರಿನವಳೇ ಆದ ಸೌಂದರ್ಯಾ ಅರ್ಧ ಅಂಕದಿಂದ ಎಲ್ಲರಿಗಿಂತ ಮುಂದಿದ್ದಳು. ನಾಳೆ ಕೊನೆಯ ಸುತ್ತು, ಎದುರಾಳಿ ಎರಡನೇ ಸ್ಥಾನದವನೇ; ಉಳಿದವರೆಲ್ಲ ಬಹಳ ಹಿಂದೆ. ಡ್ರಾ ಮಾಡಿಕೊಂಡರೂ ಟ್ರೋಫಿ ಅವಳದೇ. ಆದರೆ ಲಿಂಗಪೂಜೆಯಾಗದೆ ಗುಟುಕು ನೀರೂ ಮುಟ್ಟದ ಮನೆತನ ಅವಳದು. ಲಿಂಗ ಸಿಗದಿದ್ದರೆ ಆಡುವುದಿಲ್ಲ, ಮನೆಗೆ ಹೋಗುತ್ತೇನೆ ಎಂದು ಅವಳು ಪಿಎಸ್‌ಐ ಗೀತಾಂಜಲಿಗೆ ಅಳದೆ, ಮೆಲ್ಲಗೆ ಹೇಳಿದಳು.

ಗೀತಾಂಜಲಿಗೆ ಚದುರಂಗದಲ್ಲಿ ಆನೆ ಯಾವ ಕಡೆ ನಡೆಯುತ್ತದೆಂಬುದೂ ಗೊತ್ತಿರಲಿಲ್ಲ. ಮನುಷ್ಯರು ಯಾವ ಕಡೆ ನಡೆಯುತ್ತಾರೆಂಬುದು ಮಾತ್ರ ಕೊಂಚ ಗೊತ್ತಿತ್ತು.

*

ಎಲ್ಲರ ಕಣ್ಣು ಮೊದಲು ಬಿದ್ದದ್ದು ಮೈಮುನಾ ಮೇಲೆ. ಬಾಗಿಲಲ್ಲಿ ಲೋಹ ಪತ್ತೆ ಯಂತ್ರ ನೋಡಿಕೊಳ್ಳುವ ಹಳೇ ಹುಬ್ಬಳ್ಳಿಯ ಹೆಂಗಸು. ಕರಡಿಗೆ ಮೇಜಿಗೆ ತಾಗಬಾರದೆಂದು ತಟ್ಟೆಯಲ್ಲಿ ಒಗೆದ ಬಟ್ಟೆ ಹಾಸಿಕೊಟ್ಟವಳೇ ಅವಳು. ನಮಾಜಿಗೆಂದು ಹಿಂದಿನ ಕೋಣೆಗೆ ಹೋಗಿ ಬರುವಷ್ಟರಲ್ಲಿ ಹೀಗಾಗಿತ್ತು. ಸ್ವಯಂಸೇವಕರು ಗುಸುಗುಸು ಶುರುಮಾಡಿದ್ದರು. ಅವಳಲ್ಲ ಎಂದು ಗೀತಾಂಜಲಿಗೆ ಹೇಳಿದವಳು ಸೌಂದರ್ಯಾ ಒಬ್ಬಳೇ.

ಎರಡನೇ ಅನುಮಾನ ಜಾರ್ಜಿಯಾ ದೇಶದ ಲೆವಾನ್ ಮೇಲೆ. ನಾಳೆ ಸೌಂದರ್ಯಾಳ ಎದುರಾಳಿ ಅವನೇ. ಕರಡಿಗೆಯೊಳಗೆ ನಡೆ ಹೇಳಿಕೊಡುವ ಯಂತ್ರವಿರಬಹುದೆಂದು ತಕರಾರು ಎತ್ತಿದವನೂ ಅವನೇ. ಮೈಮುನಾ ಇಲ್ಲದ ಹೊತ್ತಿನಲ್ಲೇ ಗಾಳಿಗೆಂದು ಹೊರಗೂ ಹೋಗಿದ್ದ. ಆದರೆ ಅವನು ಮರಳಿ ಬಂದಾಗ ಮೈಮುನಾ ಯಂತ್ರದ ಮುಂದಿದ್ದಳು. ಯಂತ್ರ ತುಟಿಪಿಟಕ್ಕೆನ್ನಲಿಲ್ಲ. ಅವನ ಕೋಣೆಯಲ್ಲೂ ಏನೂ ಸಿಗಲಿಲ್ಲ.

ಗೀತಾಂಜಲಿಯ ತಲೆ ತಿನ್ನುತ್ತಿದ್ದದ್ದು ಬೆಳ್ಳಿಯಲ್ಲ, ಬಟ್ಟೆ. ಅವಸರದ ಕಳ್ಳನಿಗೆ ಆ ತುಂಡು ಬಟ್ಟೆ ಯಾಕೆ ಬೇಕಾಯಿತು?

*

ಮರುದಿನ ಬೆಳಿಗ್ಗೆ ಅವಳು ಎಲ್ಲರನ್ನೂ ಸಭಾಂಗಣದ ಹಜಾರದಲ್ಲಿ ಕೂಡಿಸಿ ಮತ್ತೊಮ್ಮೆ ವಿಚಾರಿಸಿದಳು. ನಡುವೆ ಚಹಾ, ಬಿಸಿ ಮಿರ್ಚಿ ಭಜಿ ಬಂತು. ವಿಚಾರಣೆ ಇದ್ದರೇನು, ಮಿರ್ಚಿ ಬಿಟ್ಟವರುಂಟೇ? ಲೆವಾನ್ ಕೂಡ ಕಣ್ಣೀರು ಒರೆಸಿಕೊಳ್ಳುತ್ತ ಎರಡು ತಿಂದ.

ಇಬ್ಬರು ಮಾತ್ರ ಮುಟ್ಟಲಿಲ್ಲ. ಒಬ್ಬಳು ಮೈಮುನಾ. "ಆ ಹುಡುಗಿ ನೀರು ಕುಡಿಯೂತನಕ ನನಗೂ ಇಳಿಯೂದಿಲ್ರಿ ಮೇಡಂ" ಎಂದಳು, ಎಲ್ಲರ ಮುಂದೆಯೇ.

ಇನ್ನೊಬ್ಬರು ಗುರುಪಾದ ಸಾಹುಕಾರರು. ದುರ್ಗದಬೈಲಿನ ಅರಳೆ ವ್ಯಾಪಾರಿ. ಊರಿಗೆ ಇಂಥ ಟೂರ್ನಿ ತರಲು ವರ್ಷಗಟ್ಟಲೆ ದಿಲ್ಲಿಗೆ ಅಲೆದವರು. ಹೊಟ್ಟೆ ಸರಿಯಿಲ್ಲವೆಂದು ಲೋಟ ಪಕ್ಕಕ್ಕೆ ಸರಿಸಿದರು. ಗೀತಾಂಜಲಿ ಬರಿ ನೀರು ಕೊಟ್ಟಳು. ಅದನ್ನೂ ಕುಡಿಯಲಿಲ್ಲ. ಮೇ ತಿಂಗಳ ಬಿಸಿಲಿಗೆ ಅವರ ತುಟಿ ಒಡೆದಿತ್ತು.

ಅವಳು ಉಳಿದವರನ್ನು ಕಳಿಸಿ, ಅವರ ಎದುರು ಕುರ್ಚಿ ಎಳೆದುಕೊಂಡಳು.

"ಸಾಹುಕಾರ್ರ, ಆ ಹುಡುಗಿ ನೀರು ಕುಡಿದಿಲ್ಲಂತ ನೀವೂ ಕುಡಿದಿಲ್ಲ. ಹೌದಲ್ರಿ?"

ಸಾಹುಕಾರರು ಅಂಗಿಯ ಗುಂಡಿ ಬಿಚ್ಚಿದರು. ಎದೆಯ ಮೇಲೆ ಅವರದೇ ಕರಡಿಗೆ ಇತ್ತು. ಅದರ ಪಕ್ಕದಲ್ಲಿ ಬಿಳಿ ಬಟ್ಟೆಯ ಗಂಟು.

*

ಸೌಂದರ್ಯಾಳನ್ನೂ ಮೈಮುನಾಳನ್ನೂ ಒಳಗೆ ಕರೆಸಿ ಗೀತಾಂಜಲಿ ವಿವರಿಸಿದಳು. ಬರೀ ಬೆಳ್ಳಿಗೆ ಬಂದವನು ಬಟ್ಟೆ ಬಿಟ್ಟು ಕರಡಿಗೆ ಕಿತ್ತುಕೊಂಡು ಹೋಗುತ್ತಿದ್ದ. ಇನ್ನೊಬ್ಬರ ಲಿಂಗವನ್ನು ಮುಟ್ಟಬಾರದೆಂದು ತಿಳಿದವನು ಮಾತ್ರ ಬಟ್ಟೆ ಸಮೇತ ಎತ್ತುತ್ತಾನೆ. ಅಂಥವನು ಅದನ್ನು ಪ್ಯಾಂಟಿನ ಕಿಸೆಗೆ ಹಾಕಲಾರ, ನೆಲದ ಮೇಲೆ ಇಡಲಾರ. ಎದೆಯ ಮೇಲೇ ಇಟ್ಟುಕೊಳ್ಳಬೇಕು. ಸಾಹುಕಾರರು ಬಾಗಿಲು ದಾಟಿದಾಗೆಲ್ಲ ಅವರ ಸ್ವಂತ ಕರಡಿಗೆಗೆ ಯಂತ್ರ ಕೂಗುವುದು ದಿನದ ಮಾತು. ನಿನ್ನೆಯೂ ಕೂಗಿತು, ಯಾರೂ ತಿರುಗಿ ನೋಡಲಿಲ್ಲ. ಉಪವಾಸ ಇಬ್ಬರು ಮಾಡಿದರು. ಒಬ್ಬಳು ಕಾರಣ ಹೇಳಿದಳು, ಒಬ್ಬರು ಮುಚ್ಚಿಟ್ಟರು.

"ಯಾಕ್ರಿ ಕಾಕಾ?" ಸೌಂದರ್ಯಾ ಕೇಳಿದಳು.

"ನಮ್ಮೂರ ಹುಡುಗಿ ನಮ್ಮೂರಾಗ ಗೆದ್ರ ಜಗತ್ತು ಏನಂತಿತ್ತವ್ವ? ಮನಿ ಮಂದೀನ ಗೆಲ್ಲಿಸಿಕೊಂಡ್ರು ಅಂತಿತ್ತು. ಆ ಲೆವಾನ್ ಆಗ್ಲೇ ತಕರಾರು ತಗದಿದ್ದ. ಇನ್ನ ಯಾರೂ ಈ ಊರಿಗೆ ಆಡಾಕ ಬರೂದಿಲ್ಲ ಅಂತ ಹೆದರಿದೆ. ನೀ ಒಂದು ಆಟ ಬಿಟ್ಟಿದ್ರ ತಿರುಗಿ ಕೊಡಾಂವ ಇದ್ದೆ. ಆದ್ರ ನಿನ್ನ ಉಪಾಸ ಇಟ್ಟು ನನಗ ತುತ್ತು ಇಳೀಲಿಲ್ಲ."

ಊರಿನ ಹೆಸರು ಕಾಯಲು ಹೋಗಿ ಊರಿನ ಮಗಳ ಹೊಟ್ಟೆಗೇ ಕಲ್ಲು ಹಾಕಿದ್ದರು. ಗೀತಾಂಜಲಿಗೆ ಕನಿಕರ ಬಂತು. ಆದರೆ ಕೇಸು ಕೇಸೇ. ಜೀಪು ಹತ್ತುವ ಮೊದಲು ಸಾಹುಕಾರರು ಎಲ್ಲ ಆಟಗಾರರ ಮುಂದೆ ನಿಂತು ತಾವು ಮಾಡಿದ್ದನ್ನು ತಾವೇ ಹೇಳಿದರು.

*

ಆಟಕ್ಕೆ ಹೊತ್ತಾಗಿತ್ತು. ಸೌಂದರ್ಯಾ ಇನ್ನೂ ಪೂಜೆಗೆ ಕೂತಿದ್ದಳು. ಲೆವಾನ್ ತೀರ್ಪುಗಾರರ ಬಳಿ ಹೋಗಿ, ಅವಳು ಪೂಜೆ ಮುಗಿಸಿ ಉಂಡು ಬರುವವರೆಗೆ ಗಡಿಯಾರ ಒತ್ತಬೇಡಿ ಎಂದ. ಕರಡಿಗೆಯನ್ನು ಕೊರಳಲ್ಲೇ ಇಟ್ಟುಕೊಂಡು ಆಡಲಿ, ತನ್ನ ತಕರಾರಿಲ್ಲ ಎಂದು ಬರೆದೂ ಕೊಟ್ಟ. ಹಾಗೆಂದು ಆಟದಲ್ಲಿ ದಯೆ ತೋರಲಿಲ್ಲ. ಸಂಜೆಯವರೆಗೆ ಅವಳನ್ನು ಹಿಂಡಿದ. ಕಡೆಗೆ ಹಲಗೆಯ ಮೇಲೆ ಇಬ್ಬರು ರಾಜರಷ್ಟೇ ಉಳಿದರು. ಡ್ರಾ. ಅವನೇ ಮೊದಲು ಎದ್ದು ಕೈ ಕುಲುಕಿದ.

ವೇದಿಕೆಯಿಂದ ಹೆಸರು ಕೂಗಿದರು. ಸೌಂದರ್ಯಾ ವೇದಿಕೆಗೆ ಹೋಗದೆ ಬಾಗಿಲ ಕಡೆ ನಡೆದಳು. ಯಂತ್ರದ ಪಕ್ಕ ನಿಂತಿದ್ದ ಮೈಮುನಾಳ ಎರಡೂ ಕೈ ಹಿಡಿದುಕೊಂಡಳು. ನಿನ್ನೆಯಿಂದ ತಡೆದಿದ್ದ ಅಳು ಈಗ ಬಂತು.

"ನಾ ಉಪಾಸ ಇದ್ದದ್ದು ನನ್ನ ಲಿಂಗಕ್ಕ. ನೀವು ಇದ್ದದ್ದು ನನಗ. ಈ ಋಣಾ ನಾ ಹೆಂಗ ತೀರಸ್ಲಿ?"

"ಎಲ್ಲಾರೂ ನನ್ನ ಮಾರಿ ನೋಡಾಕತ್ತಾಗ, ಆಕಿ ಅಲ್ಲ ಅಂತ ನೀ ಒಬ್ಬಾಕಿ ಪೊಲೀಸರಿಗೆ ಹೇಳಿದಿ" ಎಂದಳು ಮೈಮುನಾ. "ಆ ಋಣಾ ನಿನ್ನೆ ದಿನಾನ ತೀರೇತವ್ವ."

ಮತ್ತೆ ಹೆಸರು ಕೂಗಿದರು. ಸೌಂದರ್ಯಾ ಹಿಡಿದ ಕೈ ಬಿಡಲಿಲ್ಲ. ಮೈಮುನಾಳನ್ನು ಕರೆದುಕೊಂಡೇ ಮೆಟ್ಟಿಲು ಹತ್ತಿದಳು.