ಕೊಯ್ಯದ ಮೊಲ

ಬಾಗಿಲು ತೆಗೆದ ಭಾಗ್ಯಾ ಹಾಗೇ ನಿಂತುಬಿಟ್ಟಳು.

ಕೇಕ್ ತರುತ್ತೇನೆಂದು ಹೋದವಳು ಪಕ್ಕದ ಮನೆಯ ವಂದನಾ. ಕೇಕಿನ ಡಬ್ಬಿ ಹಿಡಿದು ಎದುರಿಗೆ ನಿಂತವನು ನಿಶಾಂತ!

ಈ ಮುಖ ನೋಡಿ ಒಂದೂವರೆ ತಿಂಗಳಾಗಿತ್ತು. ಅವಳ ಕೈಯಲ್ಲಿ ಅರ್ಧ ಊದಿದ ಬಲೂನು ಸುಯ್ಯೆಂದು ಗಾಳಿ ಬಿಟ್ಟು ಸಣ್ಣಗಾಯಿತು. ಅವಳ ಧೈರ್ಯದ್ದೂ ಅದೇ ಕಥೆ.

"ವಂದನಾ ಅವರು ಫೋನ್ ಮಾಡಿ ಕರದು, ಇದನ್ನ ನನ್ನ ಕೈಯಾಗ ಕೊಟ್ಟು ಕಳಿಸ್ಯಾರ," ಎಂದ ಅವನು, ತಲೆ ತಗ್ಗಿಸಿಕೊಂಡೇ. "ಹಿಂದ ಅವ್ವನೂ ಬರಾಕತ್ತಾಳ... ನಿಮ್ಮನ್ನ, ಸಿದ್ಧಿನ್ನ ನೋಡಾಕ."

ಇವತ್ತೇ?... ಮನೆ ತುಂಬ ಮಕ್ಕಳಿರುವ ಈ ದಿನವೇ?

ಬನಹಟ್ಟಿಯ ಈ ಎರಡು ಕೋಣೆಯ ಮನೆಯಲ್ಲಿ ಭಾಗ್ಯಾ ಸೀರೆಗಳ ಸೆರಗಿಗೆ ಗೊಂಡೆ ಕಟ್ಟುತ್ತಾಳೆ. ಗಂಡ ತೀರಿಹೋದಾಗ ಮಗಳು ಸಿದ್ಧಿಗೆ ಒಂದು ವರ್ಷ. ಇಂದು ಅವಳಿಗೆ ನಾಲ್ಕು ತುಂಬುತ್ತಿತ್ತು. ತೇರದಾಳದ ನಿಶಾಂತ ಸೀರೆ ಕೊಡಲು ಬರುತ್ತಿದ್ದವನು. ಬರಬರುತ್ತಾ ಸೀರೆ ಕೊಡುವುದು ಎರಡು ನಿಮಿಷ, ಮಾತಾಡುವುದು ಅರ್ಧ ತಾಸು ಆಯಿತು. ಕೊನೆಗೊಂದು ದಿನ, ಮದುವೆಯಾಗೋಣ, ಬರುವ ರವಿವಾರ ಅವ್ವನನ್ನು ಕರೆತರುತ್ತೇನೆ ಎಂದ.

ಆ ರವಿವಾರ ಭಾಗ್ಯಾ ಹೊಸ ಸೀರೆಯುಟ್ಟು ಸಂಜೆಯವರೆಗೂ ಕಾದಳು. ಯಾರೂ ಬರಲಿಲ್ಲ. ಮರುದಿನ ಫೋನಿನಲ್ಲಿ, ಅವ್ವನಿಗೆ ಮೊಣಕಾಲು ನೋವು ಎಂದ. ಆಮೇಲೆ ಸೀರೆಗಳು ಬೇರೆಯವರ ಕೈಯಲ್ಲಿ ಬರತೊಡಗಿದವು.

ಮಗು ಇದ್ದವಳು ಬೇಡವಾಗಿರಬೇಕು ಎಂದು ಭಾಗ್ಯಾ ತನಗೆ ತಾನೇ ಹೇಳಿಕೊಂಡಿದ್ದಳು. ಹೇಳಿಕೊಂಡಳೇ ಹೊರತು, ಹೃದಯ ಆ ಮಾತನ್ನು ಒಪ್ಪಿರಲಿಲ್ಲ.

ಅಷ್ಟರಲ್ಲಿ ಅವನ ತಾಯಿ ಅಕ್ಕವ್ವ ಬಂದೇಬಿಟ್ಟರು. ಮೂರು ಮೆಟ್ಟಿಲು ಸರಸರ ಏರಿ ಬಂದರು. ಮೊಣಕಾಲು ಚೆನ್ನಾಗಿಯೇ ಇತ್ತು. ಹಾಗಾದರೆ ಅದು ಸುಳ್ಳೇ?

ಒಳಗೆ ಒಂಬತ್ತು ಮಕ್ಕಳು ಮೊಲಗಳಾಗಿ ಕುಪ್ಪಳಿಸುತ್ತಿದ್ದವು. ಸಿದ್ಧಿಯ ಹಟ ಅದು, ಮೊಲದ ಬರ್ತ್‌ಡೇನೇ ಆಗಬೇಕು ಎಂದು. ಭಾಗ್ಯಾ ಮಗ್ಗದವರ ಮನೆಯಿಂದ ಬಿಳಿ ಬಟ್ಟೆಯ ತುಂಡು ತಂದು, ಎಂಟು ದಿನ ಕೂತು ಎಲ್ಲರಿಗೂ ಉದ್ದುದ್ದ ಕಿವಿ ಹೊಲಿದಿದ್ದಳು. ಗೋಡೆಯ ಮೇಲೆ ಕಾಗದದ ಗಜ್ಜರಿ.

ಅಕ್ಕವ್ವ ಆ ಗಜ್ಜರಿಯನ್ನು ಒಮ್ಮೆ ನೋಡಿದರು. ಕಟ್ಟಾ ಜೈನರಾದ ಅವರು ನೆಲದೊಳಗೆ ಬೆಳೆದ ಗಡ್ಡೆ ತಿನ್ನುವುದಿಲ್ಲ. ಕಾಗದದ್ದಾದರೆ ಪರವಾಗಿಲ್ಲವೇ? ಭಾಗ್ಯಾಗೆ ಅಷ್ಟಕ್ಕೇ ಬೆವರು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಅಕ್ಕವ್ವ ನೀರನ್ನು ಮುಟ್ಟದೆ ಪಕ್ಕಕ್ಕಿಟ್ಟರು.

ಗಡಿಯಾರ ಐದೂ ಇಪ್ಪತ್ತು ತೋರಿಸುತ್ತಿತ್ತು. ಹೊತ್ತು ಮುಳುಗಿದ ಮೇಲೆ ಅಕ್ಕವ್ವ ಬಾಯಿಗೆ ಏನೂ ಹಾಕುವವರಲ್ಲ. ಇನ್ನು ಅರ್ಧ ತಾಸಿನಲ್ಲಿ ಅವರು ಈ ಮನೆಯಲ್ಲಿ ಏನಾದರೂ ತಿಂದರೆ ಸಂಬಂಧ ಕುದುರಿದ ಹಾಗೆ. ತಿನ್ನದೆ ಎದ್ದು ಹೋದರೆ... ಮುಂದಿನದನ್ನು ಭಾಗ್ಯಾ ಯೋಚಿಸಲಿಲ್ಲ. ಗಡಬಡಿಸಿ ಕೇಕಿನ ಡಬ್ಬಿ ತೆರೆದಳು.

ತೆರೆದವಳು ಒಂದು ಹೆಜ್ಜೆ ಹಿಂದೆ ಸರಿದಳು.

ಒಳಗೆ ಒಂದು ಇಡೀ ಮೊಲ ಕಾಲು ಮಡಚಿ ಕೂತಿತ್ತು. ಬೆನ್ನು, ಬಾಲ, ಗುಲಾಬಿ ಮೂಗು. ಎರಡು ಕಪ್ಪು ಕಣ್ಣು ಅವಳನ್ನೇ ನೋಡುತ್ತಿದ್ದವು.

ಬೇಕರಿಯವನಿಗೆ ನಾಲ್ಕು ಸಲ ಹೇಳಿದ್ದಳು, ತತ್ತಿ ಹಾಕಬೇಡಿ ಎಂದು. ಆ ಒಂದು ಚಿಂತೆಯಲ್ಲಿ, ದುಂಡನೆಯ ಕೇಕ್ ಮೇಲೆ ಬರೀ ಮೊಲದ ಚಿತ್ರ ಸಾಕು ಎನ್ನುವುದನ್ನೇ ಮರೆತಿದ್ದಳು. ತಮ್ಮಂಥ ಜೈನರ ಮನೆಯಲ್ಲಿ ಹಿಟ್ಟಿನಿಂದ ಮಾಡಿದ ಪ್ರಾಣಿಯನ್ನೂ ಕೊಯ್ಯುವುದಿಲ್ಲ. ಕೈ ಹಿಟ್ಟನ್ನು ಕೊಯ್ದರೂ ಮನಸ್ಸು ಪ್ರಾಣಿಯನ್ನೇ ಕೊಯ್ದಿರುತ್ತದೆ ಎಂದು ಸಣ್ಣವಳಿದ್ದಾಗ ಅಜ್ಜಿ ಹೇಳಿದ್ದು ಅವಳಿಗೆ ಇಂದಿಗೂ ನೆನಪಿದೆ. ನೆನಪಿದ್ದೇನು ಬಂತು? ಬೇಕಾದಾಗ ಬರಲಿಲ್ಲ.

ಅಕ್ಕವ್ವ ಎದ್ದು ಬಂದು ಡಬ್ಬಿಯೊಳಗೆ ಇಣುಕಿದರು.

"ಇದನ್ನ ಕೊಯ್ಯಾವ್ರ ನೀವು?"

ಕುಪ್ಪಳಿಸುತ್ತಿದ್ದ ಮಕ್ಕಳು ನಿಂತಲ್ಲೇ ನಿಂತವು.

"ನಂದ ತಪ್ಪವ್ವಾ," ಎಂದ ನಿಶಾಂತ ಮುಂದೆ ಬಂದು. "ನಾನ ಹೇಳಿ ಮಾಡ್ಸಿದ್ದು. ಇವರಿಗೆ ಏನೂ ಗೊತ್ತಿಲ್ಲ."

ಎಷ್ಟು ಸಲೀಸಾಗಿ ಹೇಳಿದ! ಡಬ್ಬಿ ತಂದವನು ಅವನೇ, ಅಕ್ಕವ್ವ ನಂಬುತ್ತಿದ್ದರು. ಭಾಗ್ಯಾ ಸುಮ್ಮನಿದ್ದರೆ ಸಾಕಿತ್ತು. ಮಗನ ತಪ್ಪನ್ನು ತಾಯಿ ನಾಳೆಗೆ ಮರೆಯುತ್ತಾಳೆ, ಸೊಸೆಯಾಗುವವಳ ತಪ್ಪನ್ನು ಏಳು ವರ್ಷ ನೆನಪಿಡುತ್ತಾಳೆ.

ಸುಮ್ಮನಿರು ಭಾಗ್ಯಾ... ಸುಮ್ಮನಿರು...

ಆದರೆ ಆ ರವಿವಾರದ ಮೊಣಕಾಲು ನೋವಿನ ಸುಳ್ಳೊಂದೇ ಅವಳಿಗೆ ಸಾಕಾಗಿತ್ತು.

"ಇಲ್ಲರೀ," ಎಂದಳು. "ಆರ್ಡರ್ ಕೊಟ್ಟಾಕಿ ನಾನರೀ. ಅವರಿಗೆ ಡಬ್ಬ್ಯಾಗ ಏನೈತಿ ಅನ್ನೂದೂ ಗೊತ್ತಿಲ್ಲ. ಗಡಬಡ್ಯಾಗ ತಪ್ಪಾತರಿ. ಇದನ್ನ ನಾವು ಕೊಯ್ಯೂದಿಲ್ಲ."

ಚಾಕುವನ್ನು ಗೋಡೆಯ ಗೂಡಿನಲ್ಲಿಟ್ಟು ಡಬ್ಬಿ ಮುಚ್ಚಿದಳು. ಸಿದ್ಧಿಯ ತುಟಿ ಸೊಟ್ಟಗಾಯಿತು, ಅಳುವುದೊಂದೇ ಬಾಕಿ.

ಅಕ್ಕವ್ವ ತಿರುಗಿದರು. ಮುಗಿಯಿತು, ಹೊರಟರು... ಭಾಗ್ಯಾ ಕಣ್ಣು ಮುಚ್ಚಿಕೊಂಡಳು.

ಚಪ್ಪಲಿಯ ಸದ್ದು ಬರಲಿಲ್ಲ. ಅಡುಗೆಮನೆಯಲ್ಲಿ ಬೋಗುಣಿಯ ಸದ್ದು ಬಂತು! ಮಕ್ಕಳಿಗೆಂದು ಮಾಡಿಟ್ಟಿದ್ದ ಶಿರಾವನ್ನು ಅಕ್ಕವ್ವ ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿ, ತಾಟಿನ ಮೇಲೆ ಬೋರಲು ಹಾಕಿ ಹೊತ್ತು ತಂದರು. ದುಂಡಗೆ, ತುಪ್ಪದಲ್ಲಿ ಮಿಂಚುವ ಶಿರಾ.

"ಬಾ ಬೇ, ಮೊಲಾ," ಎಂದು ಸಿದ್ಧಿಯನ್ನು ಕರೆದು ಕೈಗೆ ಚಮಚ ಕೊಟ್ಟರು. "ಇದನ್ನ ಕೊಯ್ಯಿ."

ಒಂಬತ್ತು ಜೊತೆ ಕಿವಿಗಳು ತಾಟಿಗೆ ಮುತ್ತಿದವು. ಕೇಕ್ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ.

ಆಮೇಲೆ ಅಕ್ಕವ್ವ ಭಾಗ್ಯಾಳನ್ನು ಹತ್ತಿರ ಕರೆದರು. "ಆವತ್ತು ನಾವು ಯಾಕ ಬರ್ಲಿಲ್ಲ ಅಂತ ಹೇಳ್ಯಾನಿಂವ?"

"ನಿಮ್ಮ ಮೊಣಕಾಲು..."

"ನನ್ನ ಮೊಣಕಾಲಿಗೆ ಏನ ಧಾಡಿ? ಮಗು ಇದ್ದಾಕಿ ಬ್ಯಾಡ ಅಂತ ನಾನ ಅಂದಿದ್ದೆ. ಒಂದೂವರಿ ತಿಂಗಳ ಇಂವ ನನ್ನ ಬೆನ್ನ ಹತ್ತಿದ, ಕಡೀಕ ನೋಡಾಕ ಬಂದೆ. ನನ್ನ ಮಾತು ನಿನಗ ಮುಟ್ಟಬಾರದಂತ ಸುಳ್ಳ ಹೇಳ್ಯಾನ. ಸಣ್ಣಾವಿದ್ದಾಗಿಂದ ಹಿಂಗ, ಎಲ್ಲಾರನೂ ಉಳಸಾಕ ಹೋಗಿ ಸುಳ್ಳ ಹೇಳ್ತಾನ." ತಾಟಿನ ಅಂಚಿನ ಶಿರಾವನ್ನು ಬೆರಳಿಂದ ತೆಗೆದು ಬಾಯಿಗೆ ಹಾಕಿಕೊಂಡರು. "ನಮ್ಮನ್ಯಾಗ ಖರೆ ಹೇಳಾಕಿ ಒಬ್ಬಾಕಿ ಬೇಕವಾ."

ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಅಕ್ಕವ್ವ ನೀರಿನ ಲೋಟ ಎತ್ತಿ ಪೂರ್ತಿ ಕುಡಿದರು. ಭಾಗ್ಯಾಳ ಕಣ್ಣು ತುಂಬಿ, ಲೋಟ ಎರಡಾಗಿ ಕಂಡಿತು.

ಇನ್ನುಳಿದದ್ದು ಮೊಲ. ಕೊಯ್ಯುವಂತಿಲ್ಲ, ಇನ್ನೊಬ್ಬರ ಕೈಯಿಂದ ಕೊಯ್ಯಿಸುವಂತೆಯೂ ಇಲ್ಲ. ಬೇಕರಿಯವನಿಗೇ ಮರಳಿಸಿ, ಕ್ರೀಮು ಕಲಸಿ ಮುದ್ದೆ ಮಾಡಲು ಹೇಳೋಣವೆಂದರೆ ಅದೂ ತಪ್ಪೇ. ಕೊನೆಗೆ ಸಿದ್ಧಿಯೇ ತೀರ್ಪು ಕೊಟ್ಟಳು, ಅದು ಫ್ರಿಜ್ಜಿನಲ್ಲಿ ಮಲಗಲಿ ಎಂದು. ಫ್ರಿಜ್ಜು ಇದ್ದದ್ದು ವಂದನಾಳ ಮನೆಯಲ್ಲಿ.

ಡಬ್ಬಿ ಹೊತ್ತು ಹೊರಟ ನಿಶಾಂತನ ಹಿಂದೆ ಭಾಗ್ಯಾ ಮೆಟ್ಟಿಲವರೆಗೆ ಬಂದಳು. ಓಣಿಯಲ್ಲಿ ಮಗ್ಗಗಳು ಸದ್ದು ಮಾಡುತ್ತಿದ್ದವು. ಅವನ ತಲೆಗೆ ಯಾವುದೋ ಮಗು ಬಿಳಿ ಕಿವಿ ಸಿಕ್ಕಿಸಿತ್ತು, ಅವನಿಗೆ ಅದರ ಅರಿವೇ ಇರಲಿಲ್ಲ.

"ಒಂದ ಫೋನ್ ಮಾಡಿ ಖರೆ ಹೇಳಬಾರದಿತ್ತೇನ್ರಿ?" ಎಂದಳು. "ನಾ ಎಷ್ಟ ಅತ್ತೀನಿ ಗೊತ್ತೇನು?"

ಅವನು ಡಬ್ಬಿಯತ್ತ ತಲೆ ತಗ್ಗಿಸಿದ. "ಹೆದರಿಕಿ ಆಗಿತ್ತು. ಅವ್ವ ಬ್ಯಾಡ ಅಂದಾಳ ಅಂದ್ರ, ನೀವೂ ಬ್ಯಾಡ ಅಂತೀರೇನೋ ಅಂತ."

"ಈಗ?"

"ಈಗೂ ಆಗಾಕತ್ತೈತಿ." ಈ ಸಲ ತಲೆ ತಗ್ಗಿಸಲಿಲ್ಲ. "ಇದು ಖರೆ."

ಭಾಗ್ಯಾ ಕೈಚಾಚಿ ಅವನ ತಲೆಯ ಮೇಲಿನ ಕಿವಿ ನೆಟ್ಟಗೆ ಮಾಡಿದಳು.

"ನನಗೂ ಆಗಾಕತ್ತೈತಿ," ಎಂದಳು. "ಇನ್ನ ಮ್ಯಾಲ ಇಬ್ಬರೂ ಕೂಡೇ ಹೆದರೂಣು."