ಉಸಿರು ಸಾಲದವಳು

"ಈಜು ಕಲಿಸೋ ಮೀನಿಗೆ ಎರಡು ಮಹಡಿ ಹತ್ತೋಕೆ ಇಷ್ಟು ಏದುಸಿರಾ?"

ನಗುತ್ತಲೇ ಬಾಗಿಲು ತೆರೆದೆ. ನಾನು ಆಸ್ಪತ್ರೆಯಲ್ಲಿ ಉಸಿರಾಟದ ಪರೀಕ್ಷೆ ಮಾಡುವ ಟೆಕ್ನಿಷಿಯನ್. ಅವಳು ಮಕ್ಕಳಿಗೆ ಈಜು ಕಲಿಸುವವಳು. ನಾನು ಅವಳನ್ನು ಕರೆಯುತ್ತಿದ್ದದ್ದು ಬರೀ 'ಮೀನು' ಅಂತ. ನಮ್ಮ ಮದುವೆಗೆ ಆರು ವಾರವಿತ್ತು.

ಅವಳು ಗೋಡೆ ಹಿಡಿದು ನಿಂತಳು. ತುಟಿ ಬಿಳಿಚಿತ್ತು. ಆಗಲೂ ಓರೆಗಣ್ಣಿನಲ್ಲಿ ನನ್ನನ್ನು ನೋಡಿ, "ನಗಬೇಡ. ನಿಜವಾಗ್ಲೂ ಉಸಿರು ಸಾಲ್ತಿಲ್ಲ" ಎಂದಳು.

ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದೆ. ತಣ್ಣಗಿನ ಆ ಕೈಯನ್ನು ಬಿಡಲು ಮನಸ್ಸಾಗಲಿಲ್ಲ.

"ತೊಂಬತ್ತೊಂಬತ್ತು! ಆಕ್ಸಿಜನ್ ತುಂಬಿ ತುಳುಕ್ತಿದೆ, ಮಹಾರಾಣಿ."

"ಮತ್ತೆ ಯಾಕೆ ಹೀಗೆ? ಪ್ರತಿ ತಿಂಗಳೂ ಹತ್ತು ಹನ್ನೆರಡು ದಿನ ರಕ್ತ ಹೋಗ್ತಿದೆ ಕಣೋ, ಅದಕ್ಕೇನಾದ್ರೂ..."

"ಅದನ್ನೆಲ್ಲ ನಿಮ್ಮಮ್ಮನ್ನ ಕೇಳು," ಎಂದೆ ಮುಜುಗರದಿಂದ.

ಸಂಜೆ ಅವಳಮ್ಮ ಫೋನ್ ಮಾಡಿದರು. "ಏನಿಲ್ಲ ಅತ್ತೆ, ಮದುವೆ ಟೆನ್ಷನ್. ಸ್ವಲ್ಪ ನಾಟಕಾನೂ ಇದೆ," ಎಂದು ಅವರನ್ನು ನಗಿಸಿದೆ.

ಮೂರನೇ ವಾರ, ಈಜುಕೊಳದ ಆಳದಲ್ಲಿ ಅವಳಿಗೆ ಕಣ್ಣು ಕತ್ತಲಿಟ್ಟಿತು. ಜೊತೆಯ ಶಿಕ್ಷಕಿ ಕೂದಲು ಹಿಡಿದು ಎಳೆದದ್ದಕ್ಕೆ ಉಳಿದಳು.

ಮರುದಿನ ಅವಳೇ ನಮ್ಮ ಆಸ್ಪತ್ರೆಯ ಶ್ವಾಸಕೋಶದ ಡಾಕ್ಟರ ಬಳಿ ಹೋದಳು. ರಕ್ತ ಪರೀಕ್ಷೆಗೆ ಕೊಟ್ಟು ನನ್ನ ಕೋಣೆಗೆ ಬಂದಳು. ಎಳೆದುಕೊಂಡ ಗಾಳಿ ಶ್ವಾಸಕೋಶದಿಂದ ರಕ್ತಕ್ಕೆ ಎಷ್ಟು ದಾಟುತ್ತದೆಂದು ನಾನು ಅಳೆಯಬೇಕಿತ್ತು. ನೂರರ ಆಸುಪಾಸಿನಲ್ಲಿರಬೇಕಾದದ್ದು ಅರವತ್ತಿತ್ತು. ಶ್ವಾಸಕೋಶವೇ ಕೆಟ್ಟಿದೆಯೆಂದುಕೊಂಡೆ.

ಅಷ್ಟರಲ್ಲಿ ಡಾಕ್ಟರು ರಕ್ತದ ರಿಪೋರ್ಟ್ ಹಿಡಿದು ಬಂದರು. "ಹಿಮೋಗ್ಲೋಬಿನ್ ಆರೂ ಇಲ್ಲ. ಅದು ಅಷ್ಟು ಕಮ್ಮಿ ಇರೋದನ್ನ ಗಣನೆಗೆ ತಗೊಂಡು ಮತ್ತೆ ಲೆಕ್ಕ ಹಾಕು."

ಹಾಕಿದೆ. ತೊಂಬತ್ತೆರಡಾಯಿತು.

"ಶ್ವಾಸಕೋಶ ಚೆನ್ನಾಗೇ ಇದೆಯಮ್ಮ," ಎಂದರು ಡಾಕ್ಟರು. "ತಿಂಗಳು ತಿಂಗಳೂ ಅಷ್ಟು ರಕ್ತ ಹೋಗಿ, ಆಕ್ಸಿಜನ್ ಹೊರೋ ಹಿಮೋಗ್ಲೋಬಿನ್ನೇ ಇಲ್ಲ. ಬಸ್ಸಿರೋದೇ ನಾಲ್ಕು, ನಾಲ್ಕೂ ಭರ್ತಿ ಅಂದ್ಕೋ. ಬೆರಳಿನ ಮಷೀನು ಬಸ್ಸು ತುಂಬಿದ್ಯಾ ಅಂತಷ್ಟೇ ಹೇಳುತ್ತೆ. ಎಷ್ಟು ಬಸ್ಸಿವೆ ಅಂತ ಹೇಳಲ್ಲ."

ಇದು ನನಗೆ ಗೊತ್ತಿತ್ತು. ಓದಿ ಪಾಸಾಗಿದ್ದೆ.

ರಕ್ತ ಏರಿಸಿದರು. ನಾಲ್ಕನೇ ದಿನ ಅವಳ ಕೆನ್ನೆಗೆ ಬಣ್ಣ ಬಂದಾಗ, ಹಾಸಿಗೆಯ ಪಕ್ಕ ಕೂತು ತಪ್ಪಾಯಿತೆಂದೆ.

"ಮಷೀನು ನಂಬಿದ್ದಕ್ಕೆ ಬೇಜಾರಿಲ್ಲ," ಎಂದಳು. "ಅಮ್ಮನಿಗೆ ನಾಟಕ ಅಂದ್ಯಲ್ಲ. ಆಮೇಲೆ ಅವಳೂ ನನ್ನ ಮಾತು ಕೇಳ್ಲಿಲ್ಲ. ಮೂರು ವಾರ ನಮ್ಮನೇಲೇ ನಾನು ಸುಳ್ಳುಗಾತಿ ಆಗಿದ್ದೆ."

"ಮದುವೆ..."

"ಬೇಡ. ನಾಳೆ ಬಸುರಿಯಾಗಿ ನಾನು ನೋವು ಅಂದ್ರೆ, ನೀನು ನಂಬ್ತೀಯೋ ಇಲ್ವೋ ಅಂತ ಮುಖ ನೋಡ್ತಾ ಕೂರೋಕೆ ನನ್ನ ಕೈಲಾಗಲ್ಲ."

"ನನ್ನ ಮೇಲೆ ಪ್ರೀತಿನೇ ಹೋಯ್ತಾ?" ಎಂದೆ.

ಅವಳು ನನ್ನ ಅಂಗಿಯ ಕಾಲರ್ ಸರಿಪಡಿಸಿದಳು. ಬೆರಳು ಬೆಚ್ಚಗಿತ್ತು.

"ಹೋಗಿದ್ರೆ ಸಲೀಸಾಗ್ತಿತ್ತು ಕಣೋ," ಎಂದು ಗೋಡೆಯ ಕಡೆ ಹೊರಳಿದಳು.